ಹೋದ ದಾರಿಯಲ್ಲೇ ಮರಳಿದ ಗೆರೆ

ರಾಯಚೂರು

ಮೇ ತಿಂಗಳ ಮೊದಲ ವಾರದಲ್ಲಿ ರಾಯಚೂರಿನ ಬಜಾರಿಗೆ ಹೋಗಿ ಉಣ್ಣೆಯ ಸ್ವೆಟರ್ ಕೇಳಿದವಳು ನಾನೊಬ್ಬಳೇ ಇರಬೇಕು. ಅಂಗಡಿಯ ಮಾಲೀಕರು ನನ್ನ ಮುಖ ನೋಡಿದರು, ಕುರ್ಚಿ ಹಾಕಿಸಿದರು, ಮೊದಲು ಒಂದು ಗ್ಲಾಸು ತಣ್ಣೀರು ಕುಡಿಯಿರಿ ಅಂದರು. ಬಿಸಿಲು ತಲೆಗೆ ಹತ್ತಿದೆ ಎಂದೇ ಅವರು ತಿಳಿದದ್ದು. ಜರ್ಮನಿಗೆ ಹೊರಟಿದ್ದೇನೆ ಎಂದು ಹೇಳಿದ ಮೇಲೆ ಅಟ್ಟದಿಂದ ಒಂದು ಗಂಟು ಇಳಿಸಿದರು. ಡಾಂಬರ ಗುಳಿಗೆಯ ವಾಸನೆ ಹೊಡೆಯುವ ಕಂದು ಸ್ವೆಟರ್ ಅದರೊಳಗಿಂದ ಬಂತು. ತೊಟ್ಟು ನೋಡಿ ಎಂದು ಅವರು ಒತ್ತಾಯ ಮಾಡಲಿಲ್ಲ. ಹೊರಗೆ ಕಾದ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ನಾನು ಮಾನ್ವಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಹೆಸರು ಶರಣಮ್ಮ, ಹುಟ್ಟಿದ್ದು ಅರಕೇರಾ. ಇಪ್ಪತ್ತಾರು ವರ್ಷಗಳಿಂದ ರಾಯಚೂರಿನ ಮನೆಯಿಂದ ಮಾನ್ವಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅದಕ್ಕಿಂತ ದೂರ ಹೋದದ್ದೆಂದರೆ ಹೈದರಾಬಾದಿಗೆ ನಾಲ್ಕು ಸಲ, ತಿರುಪತಿಗೆ ಒಂದು ಸಲ. ಎಲೆಕ್ಟ್ರಾನ್ ಎಂಬ ಪದವನ್ನು ಬೋರ್ಡಿನ ಮೇಲೆ ಎಷ್ಟು ಸಾವಿರ ಸಲ ಬರೆದಿದ್ದೇನೋ. ಅದರ ಬಗ್ಗೆ ಹೊಸದಾಗಿ ಏನಾದರೂ ಕಂಡುಹಿಡಿಯುವ ಜಾಗವನ್ನು ಮಾತ್ರ ಕಣ್ಣಿಂದ ನೋಡಿರಲಿಲ್ಲ.

ನನ್ನನ್ನು ಕರೆಸಿದವಳು ನಸ್ರೀನ್. ದೇವದುರ್ಗದ ಹುಡುಗಿ. ಮೂರು ವರ್ಷ ನನ್ನ ತರಗತಿಯ ಎರಡನೆಯ ಬೆಂಚಿನಲ್ಲಿ ಕೂತವಳು ಈಗ ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಅಲ್ಲಿ ಪ್ರತಿ ವರ್ಷ ಹೊರದೇಶದ ಕೆಲವು ಅಧ್ಯಾಪಕರನ್ನು ಎರಡು ವಾರಕ್ಕೆ ಕರೆಯುತ್ತಾರಂತೆ. ಆಕೆ ನನ್ನ ಹೆಸರು ಕೊಟ್ಟಿದ್ದಳು. ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆಂದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಎರಡಾಗಿ ಒಡೆದ ರೈಲು

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಇಳಿದು ರೈಲು ಹತ್ತುವವರೆಗೆ ಎಲ್ಲ ಸರಿಯಾಗಿತ್ತು. ನನ್ನ ಡಬ್ಬಿ ಖಾಲಿ ಖಾಲಿ, ಕಿಟಕಿಯ ಹೊರಗೆ ಎಲ್ಲಿ ನೋಡಿದರೂ ಹಸಿರು. ನಮ್ಮ ಕಡೆ ಕಾಲುವೆಯ ನೀರು ಬಿಟ್ಟಾಗ ಭತ್ತದ ಗದ್ದೆಗಳು ಹೀಗೆ ಕಾಣುತ್ತವೆ. ಇಲ್ಲಿ ಯಾರೂ ನೀರು ಬಿಟ್ಟ ಹಾಗೆ ಕಾಣಲಿಲ್ಲ, ಹಸಿರು ತನ್ನಷ್ಟಕ್ಕೇ ಬೆಳೆದಿತ್ತು. ಅದನ್ನೇ ನೋಡುತ್ತ ಕಣ್ಣು ಹತ್ತಿತು.

ಎಚ್ಚರವಾದಾಗ ಎದುರಿಗೆ ಕೂತ ಮುದುಕಿ ನನ್ನ ಕೈಯಲ್ಲಿದ್ದ ಚೀಟಿಯನ್ನು ಓದುತ್ತಿದ್ದರು. ನಸ್ರೀನ್ ಊರಿನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಲು ಹೇಳಿದ್ದಳು, ಅದೇ ಚೀಟಿ. ಮುದುಕಿ ಚೀಟಿಗೆ ಬೆರಳು ತೋರಿಸಿದರು, ರೈಲಿನ ಹಿಂದಿನ ದಿಕ್ಕಿಗೆ ತೋರಿಸಿದರು, ಆಮೇಲೆ ಎರಡೂ ಕೈ ಜೋಡಿಸಿ ಬಿಡಿಸಿದರು. ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ನಿದ್ದೆಯಲ್ಲಿದ್ದಾಗ ಯಾವುದೋ ನಿಲ್ದಾಣದಲ್ಲಿ ರೈಲನ್ನು ನಡುವೆ ಬಿಡಿಸಿದ್ದರು. ಹಿಂದಿನ ಅರ್ಧ ನಸ್ರೀನಳ ಊರಿಗೆ ಹೋಗಿತ್ತು. ನಾನಿದ್ದ ಮುಂದಿನ ಅರ್ಧ ಬೇರೆಲ್ಲಿಗೋ ಹೊರಟಿತ್ತು.

ಮುಂದಿನ ನಿಲ್ದಾಣದಲ್ಲಿ ಇಳಿದೆ. ಮುದುಕಿಯೂ ಇಳಿದರು. ಅವರ ಊರೂ ಇದೇ ಅಂದುಕೊಂಡೆ. ಆದರೆ ಅವರು ನನ್ನನ್ನು ಮೆಟ್ಟಿಲು ಇಳಿಸಿ ಹತ್ತಿಸಿ ಆಚೆಯ ಪ್ಲಾಟ್‌ಫಾರ್ಮಿಗೆ ಕರೆದೊಯ್ದು ನನ್ನ ಪಕ್ಕವೇ ಕೂತರು. ನಲವತ್ತು ನಿಮಿಷ ಕೂತೆವು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಚೀಲದಿಂದ ಶೇಂಗಾದ ಉಂಡೆ ತೆಗೆದು ಕೊಟ್ಟೆ. ಒಂದನ್ನು ತಿಂದರು, ಇನ್ನೊಂದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡರು. ಎದುರಿಗೆ ರಸ್ತೆ ದಾಟುವ ಜಾಗದಲ್ಲಿ ಕೆಂಪು ದೀಪ ಹತ್ತಿತ್ತು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಗಾಡಿಯಿಲ್ಲ. ಆದರೂ ಮೂರು ಜನ ಹಸಿರು ದೀಪಕ್ಕಾಗಿ ಕಾಯುತ್ತ ನಿಂತಿದ್ದರು. ನಮ್ಮ ಬಸ್ ಸ್ಟ್ಯಾಂಡಿನ ಮುಂದೆ ಹೀಗೆ ನಿಂತರೆ ಏನು ಕಳೆದುಕೊಂಡಿರಿ ಎಂದು ಯಾರಾದರೂ ಕೇಳುತ್ತಾರೆ.

ರೈಲು ಬಂದಾಗ ಮುದುಕಿ ನನ್ನನ್ನು ಹತ್ತಿಸಿ, ಅಲ್ಲಿದ್ದ ಒಬ್ಬ ಹೆಂಗಸಿಗೆ ಏನೋ ಹೇಳಿ, ತಾವು ಇಳಿದು ಮತ್ತೆ ಮೊದಲಿನ ಪ್ಲಾಟ್‌ಫಾರ್ಮಿನ ಕಡೆ ನಡೆದರು. ಅವರ ಊರು ಇನ್ನೂ ಮುಂದಿತ್ತು ಎಂದು ಆಗ ಗೊತ್ತಾಯಿತು. ಹೆಸರು ಕೇಳಬೇಕಿತ್ತು, ಕೇಳಲಿಲ್ಲ.

ನಸ್ರೀನ್ ನಿಲ್ದಾಣದಲ್ಲಿ ಒಂದೂವರೆ ಗಂಟೆಯಿಂದ ಕಾಯುತ್ತಿದ್ದಳು. ಓಡಿ ಬಂದು ನನ್ನ ಚೀಲ ಹಿಡಿದಳು. ಸೊರಗಿದ್ದಳು. ಕಾಲೇಜಿನಲ್ಲಿ ಎಲ್ಲಕ್ಕೂ ನಗುತ್ತಿದ್ದವಳು ಅಂದು ನನ್ನ ರೈಲಿನ ಕಥೆ ಕೇಳಿಯೂ ನಗಲಿಲ್ಲ.

ನೆಲಮಾಳಿಗೆ

ಮರುದಿನ ಬೆಳಿಗ್ಗೆ ಆಕೆ ನನ್ನನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು. ಮೇಲೆ ಸಾಧಾರಣ ಕಟ್ಟಡ. ಎರಡು ಅಂತಸ್ತು ಕೆಳಗಿಳಿದರೆ ಒಂದು ಕೋಣೆ. ಕೋಣೆಯ ನಡುವೆ, ಮನುಷ್ಯನಿಗಿಂತ ಎತ್ತರದ ಚೌಕಟ್ಟಿನಿಂದ ಒಂದು ಯಂತ್ರ ತೂಗುಬಿದ್ದಿತ್ತು. ನಿಮಿಷಕ್ಕೆ ಎಂಬತ್ತು ತೊಂಬತ್ತು ಸಲ ಹಕ್ಕಿ ಚಿಲಿಗುಟ್ಟಿದ ಹಾಗೆ ಸದ್ದು ಮಾಡುತ್ತಿತ್ತು. ಪಕ್ಕದಲ್ಲಿ ಕೆಲಸಕ್ಕೆಂದು ಬಿಚ್ಚಿಟ್ಟ ಇನ್ನೊಂದು ಅಂಥದೇ ಯಂತ್ರವಿತ್ತು. ಒಳಗೆ ಏನಿದೆ ಎಂದು ಅದರಲ್ಲಿ ತೋರಿಸಿದಳು. ಬಂಗಾರದ ನೀರು ಕುಡಿಸಿದ ತಾಮ್ರದ ಅಗಲ ತಟ್ಟೆಗಳು, ನಾವು ಹಿಟ್ಟು ನಾದುವ ಪರಾತಗಳಂಥವು, ಒಂದರ ಕೆಳಗೊಂದು ತೂಗುತ್ತಿದ್ದವು. ಕೆಳಗಿಳಿದಷ್ಟೂ ಪರಾತ ಸಣ್ಣದಾಗುತ್ತದೆ, ತಣ್ಣಗೂ ಆಗುತ್ತದೆ.

ಎಷ್ಟು ತಣ್ಣಗೆ ಎಂದು ಕೇಳಿದೆ. ಇದಕ್ಕಿಂತ ತಣ್ಣಗಿರಲು ಸಾಧ್ಯವೇ ಇಲ್ಲ ಎಂದು ನಾವು ಪಾಠ ಮಾಡುವ ಸೊನ್ನೆ ಇದೆಯಲ್ಲ, ಅದಕ್ಕಿಂತ ಒಂದು ಡಿಗ್ರಿಯ ನೂರರಲ್ಲಿ ಎರಡು ಭಾಗದಷ್ಟು ಮಾತ್ರ ಮೇಲೆ ಅಂದಳು. ನಕ್ಷತ್ರಗಳ ನಡುವಿನ ಖಾಲಿ ಜಾಗವೂ ಇದಕ್ಕಿಂತ ನೂರು ಪಾಲು ಬಿಸಿ. ನಾನು ಹೊರಟ ದಿನ ರಾಯಚೂರಿನಲ್ಲಿ ನಲವತ್ನಾಲ್ಕು ಡಿಗ್ರಿ ಇತ್ತು. ಸ್ವೆಟರಿನ ತೋಳನ್ನು ಕೆಳಗೆಳೆದುಕೊಂಡೆ. ಈ ಮಾತನ್ನು ಪುಸ್ತಕದಲ್ಲಿ ಓದುವುದೇ ಬೇರೆ. ಕೈಯಳತೆಯಲ್ಲಿ, ಒಂದು ತಗಡಿನ ಆಚೆ, ವಿಶ್ವದಲ್ಲೇ ಅತಿ ತಣ್ಣಗಿನ ಜಾಗಗಳಲ್ಲೊಂದು ಇದೆ ಎಂದು ತಿಳಿದು ನಿಲ್ಲುವುದೇ ಬೇರೆ.

ಆ ಚಳಿಯಲ್ಲಿ ಕೂತ ವಸ್ತುವನ್ನು ಆಕೆಯೇ ಕೈಯಾರೆ ಕಟ್ಟಿದ್ದಳು. ಟಂಗ್‌ಸ್ಟನ್ ಮತ್ತು ಸೆಲೆನಿಯಂ ಸೇರಿದ ಒಂದು ಹರಳಿನಿಂದ, ನಾವು ಪೊಟ್ಟಣಕ್ಕೆ ಹಚ್ಚುವಂಥ ಅಂಟುಪಟ್ಟಿ ಒತ್ತಿ ಎತ್ತಿ, ಒಂದೇ ಪದರು ತೆಗೆಯುತ್ತಾರೆ. ಪದರು ಎಂದರೆ ಮೂರು ಪರಮಾಣುಗಳ ದಪ್ಪ. ಅದರ ಮೇಲೆ ಅಂಥದೇ ಇನ್ನೊಂದನ್ನು ಒಂದಿಷ್ಟು ತಿರುವಿ ಕೂಡಿಸುತ್ತಾರೆ. ತಿರುವುವುದು ಯಾಕೆ ಎಂದೆ. ನಸ್ರೀನ್ ತನ್ನ ತೆಳ್ಳನೆಯ ವೇಲನ್ನು ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದಳು, ಒಂದು ಮಡಿಕೆಯನ್ನು ತುಸು ತಿರುಗಿಸಿದಳು. ನೂಲಿನ ಸಣ್ಣ ಚೌಕಗಳ ಮೇಲೆ ದೊಡ್ಡ ದೊಡ್ಡ ಹೂವಿನಂಥ ನೆರಳುಗಳು ಎದ್ದವು. ಯಾವ ಮಡಿಕೆಯಲ್ಲೂ ಇಲ್ಲದ ಚಿತ್ತಾರ ಅದು. ಎಲೆಕ್ಟ್ರಾನುಗಳು ಆ ದೊಡ್ಡ ಚಿತ್ತಾರದಲ್ಲಿ ಒಂದೊಂದು ಹೂವಿಗೆ ಒಂದರಂತೆ ಹೋಗಿ ಕೂಡುತ್ತವೆ. ಕಾಡಿನಲ್ಲಾಗಲಿ ಗಣಿಯಲ್ಲಾಗಲಿ ಸಿಗದ ವಸ್ತುವನ್ನು ಒಂದು ತಿರುವಿನಿಂದ ಹುಟ್ಟಿಸಿದ್ದರು.

ಮುಂದಿನದನ್ನು ನಾನು ನಮ್ಮ ಮಾನ್ವಿ ಬಸ್ಸಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಬಸ್ಸಿನ ಎಲ್ಲ ಸೀಟುಗಳಲ್ಲಿ ಒಬ್ಬೊಬ್ಬರು ಕೂತಿದ್ದಾರೆ. ಯಾರಿಗೂ ಪಕ್ಕದವರನ್ನು ಸೈರಿಸಲಾಗದು, ತನ್ನ ಸೀಟಿಗೆ ಇನ್ನೊಬ್ಬರನ್ನು ಬಿಡಲು ಯಾರೂ ತಯಾರಿಲ್ಲ. ಹಾಗಾಗಿ ಜಾಗ ಬದಲಿಸುವುದು ಯಾರಿಗೂ ಆಗುವುದಿಲ್ಲ. ಎಲೆಕ್ಟ್ರಾನುಗಳೂ ಹೀಗೆ ಒಂದನ್ನೊಂದು ದೂಡುತ್ತ ಇದ್ದಲ್ಲೇ ಸಿಕ್ಕಿಬೀಳುತ್ತವೆ. ವಿದ್ಯುತ್ ಹರಿಯುವುದಿಲ್ಲ. ಆಗ ಹೊರಗಿನಿಂದ ಒಂದು ವಿದ್ಯುತ್ ಕ್ಷೇತ್ರವನ್ನು ಮೆಲ್ಲಗೆ ಏರಿಸುತ್ತ ಹೋದರೆ, ಒಂದು ಹಂತದಲ್ಲಿ ಎಲ್ಲವೂ ಒಟ್ಟಿಗೆ ಸಡಿಲಾಗಿ ಹರಿಯತೊಡಗುತ್ತವೆ. ಅವಾಹಕವಾಗಿದ್ದದ್ದು ಲೋಹವಾಗುತ್ತದೆ. ಮಂಜುಗಡ್ಡೆ ನೀರಾಗಲು ಬಿಸಿ ಬೇಕು. ಇಲ್ಲಿ ಬಿಸಿಯ ಕೆಲಸವೇ ಇಲ್ಲ. ಆ ಚಳಿಯಲ್ಲೂ ಎಲೆಕ್ಟ್ರಾನುಗಳೊಳಗೆ ಸತ್ತುಹೋಗದ ಒಂದು ಚಡಪಡಿಕೆ ಇದೆ, ಅದೇ ಈ ಬದಲಾವಣೆ ಮಾಡಿಸುತ್ತದೆ. ಇದಕ್ಕೆ ಕ್ವಾಂಟಂ ಸ್ಥಿತ್ಯಂತರ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಪಾಠ ಮಾಡಿದವಳು ಆ ಕೋಣೆಯ ಸ್ಟೂಲಿನ ಮೇಲೆ ಮೊದಲ ವರ್ಷದ ವಿದ್ಯಾರ್ಥಿಯ ಹಾಗೆ ಕೂತಿದ್ದೆ.

ಆಕೆಯ ಪ್ರೊಫೆಸರರ ಹೆಸರು ಡೀಟರ್. ಅರವತ್ತರ ಹತ್ತಿರದ ವಯಸ್ಸು, ಸೈಕಲ್ಲಿನ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡೇ ನನ್ನ ಕೈಕುಲುಕಿದರು. ಎರಡು ವರ್ಷದ ಹಿಂದೆ ಇವರ ಗುಂಪು ಹೊರತಂದ ಲೇಖನದ ಬಗ್ಗೆ ಸಂತೋಷದಿಂದ ಹೇಳಿದರು. ಎಲೆಕ್ಟ್ರಾನುಗಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುವುದಿಲ್ಲ, ಒಮ್ಮೆಲೇ ಜಿಗಿಯುತ್ತವೆ ಎಂದು ಅದರಲ್ಲಿ ತೋರಿಸಿದ್ದರು. ಲೇಖನದ ಮೇಲೆ ಮೊದಲ ಹೆಸರು ನಸ್ರೀನಳದು. ಮುಂದಿನ ತಿಂಗಳು ದೊಡ್ಡ ಸಭೆಯೊಂದರಲ್ಲಿ ಅವರು ಇದೇ ವಿಷಯ ಮಾತಾಡಲಿದ್ದರು. ನಸ್ರೀನ್ ನೆಲ ನೋಡುತ್ತ ನಿಂತಿದ್ದಳು.

ಭಾನುವಾರ

ನಾನು ಜೋಳದ ಹಿಟ್ಟು ಒಯ್ದಿದ್ದೆ. ಐದು ದಿನ ತಣ್ಣನೆಯ ಬ್ರೆಡ್ಡು ತಿಂದು ನಾಲಿಗೆ ಸತ್ತುಹೋಗಿತ್ತು. ಅಲ್ಲಿಯವರು ರಾತ್ರಿ ಊಟಕ್ಕೆ ಒಲೆಯನ್ನೇ ಹಚ್ಚುವುದಿಲ್ಲ. ಭಾನುವಾರ ಬೆಳಿಗ್ಗೆ ಅತಿಥಿಗೃಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಶುರು ಮಾಡಿದೆ. ನಾಲ್ಕನೆಯ ರೊಟ್ಟಿಗೆ ಬಾಗಿಲು ತಟ್ಟಿದರು. ಕೆಳಗಿನ ಮನೆಯ ಒಬ್ಬರು ಬಹಳ ವಿನಯದಿಂದ ನಿಂತಿದ್ದರು. ಭಾನುವಾರ ಇಲ್ಲಿ ಶಾಂತಿಯ ದಿನ, ಗೋಡೆಗೆ ಮೊಳೆ ಹೊಡೆಯುವುದನ್ನು ಸೋಮವಾರಕ್ಕೆ ಇಟ್ಟುಕೊಳ್ಳಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಳಗೆ ಕರೆದು ಪರಾತ ತೋರಿಸಿದೆ. ಹಿಟ್ಟಿನ ಕೈ ತೋರಿಸಿದೆ. ಅವರು ಹಿಟ್ಟಿನ ಉಂಡೆಯನ್ನೂ ನನ್ನ ಅಂಗೈಯನ್ನೂ ಬಹಳ ಹೊತ್ತು ನೋಡಿದರು. ಹೋಗುವಾಗ ಬಿಸಿ ರೊಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ಉಳಿದ ಹಿಟ್ಟನ್ನು ಸದ್ದಿಲ್ಲದೆ, ಬೆರಳಿನಿಂದ ಒತ್ತಿ ಒತ್ತಿ ದಪ್ಪಗೆ ತಟ್ಟಿದೆ. ನಮ್ಮ ಮನೆಯಲ್ಲಾಗಿದ್ದರೆ ಅಂಥ ರೊಟ್ಟಿಯನ್ನು ನಾನೇ ಯಾರಿಗೂ ಬಡಿಸುತ್ತಿರಲಿಲ್ಲ.

ನಸ್ರೀನ್ ಹನ್ನೊಂದಕ್ಕೆ ಬಂದಳು. ರೊಟ್ಟಿ, ಪುಂಡಿಪಲ್ಲೆ ಉಪ್ಪಿನಕಾಯಿ, ಶೇಂಗಾ ಹಿಂಡಿ ಬಡಿಸಿದೆ. ಎರಡು ತುತ್ತು ತಿಂದು ಅಳತೊಡಗಿದಳು. ಊರಿನ ನೆನಪು ಅಂದುಕೊಂಡೆ. ಅದಲ್ಲವಾಗಿತ್ತು.

"ಆ ಪೇಪರಿನ್ಯಾಗ ನಾ ಬರದಿದ್ದು ತಪ್ಪದ ಮೇಡಂ," ಅಂದಳು. "ಎಲೆಕ್ಟ್ರಾನ್ ಜಿಗಿಯಂಗಿಲ್ಲ."

ಆಮೇಲೆ ಎಲ್ಲ ಹೇಳಿದಳು. ಜಿಗಿತಕ್ಕೆ ಅವರು ಕೊಟ್ಟ ಸಾಕ್ಷಿ ಒಂದೇ. ಹೊರಗಿನ ಆ ವಿದ್ಯುತ್ ಕ್ಷೇತ್ರವನ್ನು ಏರಿಸುತ್ತ ಹೋದಾಗ ಬರುವ ಪ್ರತಿರೋಧದ ಗೆರೆ ಒಂದು ದಾರಿ ಹಿಡಿಯುತ್ತಿತ್ತು, ಇಳಿಸುತ್ತ ಬಂದಾಗ ಬರುವ ಗೆರೆ ಇನ್ನೊಂದು ದಾರಿ ಹಿಡಿಯುತ್ತಿತ್ತು. ನಡುವೆ ಒಂದು ಕಣ್ಣಿನಂಥ ಖಾಲಿ ಜಾಗ. ನಿಜವಾದ ಜಿಗಿತವಿದ್ದರೆ ಹಾಗೆ ಆಗುತ್ತದೆ. ಆದರೆ ಮೂರು ತಿಂಗಳ ಹಿಂದೆ ಬೇರೆ ಏನನ್ನೋ ಪರೀಕ್ಷಿಸುವಾಗ ಆಕೆಗೆ ಒಂದು ಸಂಶಯ ಬಂತು. ಅಳೆಯಲೆಂದು ನಾವೇ ಒಳಗೆ ಬಿಡುವ ವಿದ್ಯುತ್ತು ಎಲೆಕ್ಟ್ರಾನುಗಳನ್ನು ಬಿಸಿ ಮಾಡುತ್ತಿದ್ದರೆ, ಆ ಎರಡು ದಾರಿ ಬಿಸಿಯಿಂದಲೇ ಹುಟ್ಟಿದ್ದರೆ? ತಾಪಮಾಪಕ ಇರುವುದು ತಾಮ್ರದ ಪರಾತದ ಮೇಲೆ, ಅದು ತಣ್ಣಗೇ ತೋರಿಸುತ್ತದೆ. ಗೋಡೆಗೆ ಥರ್ಮಾಮೀಟರ್ ಹಚ್ಚಿ, ಹಾಸಿಗೆಯಲ್ಲಿರುವವನಿಗೆ ಜ್ವರವಿಲ್ಲ ಎಂದ ಹಾಗೆ. ಒಂದು ದಿನ ಆಕೆ ವಿದ್ಯುತ್ತನ್ನು ಬಹಳ ಕಡಿಮೆ ಮಾಡಿ ನೋಡಿದ್ದಳು. ಆ ಕಣ್ಣು ಅರ್ಧ ಮುಚ್ಚಿತ್ತು. ಹೆದರಿ ಅಲ್ಲಿಗೇ ನಿಲ್ಲಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ಅದೇ ಲೇಖನದ ಬಲದ ಮೇಲೆ ಆಕೆಗೆ ಅಲ್ಲಿ ಖಾಯಂ ಹುದ್ದೆಯ ಮಾತು ನಡೆದಿತ್ತು, ತೀರ್ಮಾನ ಮುಂದಿನ ತಿಂಗಳು.

ಇಲ್ಲಿ ನಾನು ಹೇಳಿದ್ದನ್ನು ಮುಚ್ಚಿಡಬಾರದು. ನಾನು ಆಕೆಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ನೌಕರಿ ಖಾಯಂ ಆಗೂತನಕ ಸುಮ್ನಿರು. ಆಮ್ಯಾಲ ಹೇಳಿದ್ರ ಆತು," ಅಂದೆ.

ನಸ್ರೀನ್ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ.

"ಫೈನಲ್ ಇಯರ್ ಪ್ರ್ಯಾಕ್ಟಿಕಲ್ ನೆನಪದ ಏನ್ರಿ? ನನ್ನ ರೀಡಿಂಗ್ ಬ್ಯಾರೆ ಬಂದಿದ್ವು. ಪುಸ್ತಕದಾಗಿನ ಉತ್ತರ ಬರೂ ಹಂಗ ಬರಿ ಅಂದಿದ್ರಿ. ಬರದೆ. ಪೂರಾ ಮಾರ್ಕ್ಸ್ ಬಂದ್ವು."

ನೆನಪಿತ್ತು. ಮೀಟರ್ ಕೆಟ್ಟಿತ್ತು, ಹೊರಗಿನ ಪರೀಕ್ಷಕರು ಅವಸರದಲ್ಲಿದ್ದರು, ಜಾಣ ಹುಡುಗಿಯ ಅಂಕ ಯಂತ್ರದ ತಪ್ಪಿಗೆ ಹೋಗಬಾರದು ಎಂದು ಹಾಗೆ ಹೇಳಿದ್ದೆ. ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅದನ್ನು ಒಂದು ಉಪಕಾರ ಎಂದೇ ಇಷ್ಟು ವರ್ಷ ತಿಳಿದಿದ್ದೆ.

"ಅವತ್ತಿನಿಂದ ಒಂದು ಚಟ ಬಿದ್ದದ ಮೇಡಂ," ಅಂದಳು. "ಬರಬೇಕಾದ ಉತ್ತರ ಮೊದಲ ಕಣ್ಣಿಗೆ ಕಾಣ್ತದ. ಆಮ್ಯಾಲ ರೀಡಿಂಗ್ ಕಾಣ್ತಾವ. ಡೀಟರ್ ಸರ್‌ಗೆ ಜಿಗಿತ ಬೇಕಿತ್ತು, ನನಗೂ ಬೇಕಿತ್ತು. ಕಾಣಿಸ್ತು."

ಕೆಳಗಿನ ಮನೆಯವರು ತೊಳೆದ ತಟ್ಟೆಯಲ್ಲಿ ಎರಡು ಸೇಬು ಇಟ್ಟುಕೊಂಡು ಬಂದು ಕೊಟ್ಟು ಹೋದರು. ಅವನ್ನು ಹೆಚ್ಚಿ ಆಕೆಯ ಮುಂದಿಟ್ಟೆ. ಕೊನೆಗೆ ನಾನೇ ಕೇಳಿದೆ: ಆ ಅರ್ಧ ಮುಚ್ಚಿದ ಕಣ್ಣು ಪೂರ್ತಿ ಮುಚ್ಚುತ್ತದೋ ಇಲ್ಲವೋ ನೋಡಲು ಎಷ್ಟು ದಿನ ಬೇಕು? ಎರಡು ದಿನ ಸಾಕು ಅಂದಳು. ನೋಡೋಣ ಅಂದೆ. ಅದಕ್ಕಿಂತ ಹೆಚ್ಚಿನದೇನೂ ಹೇಳುವ ಯೋಗ್ಯತೆ ಆಗ ನನಗಿರಲಿಲ್ಲ.

ಮಂಗಳವಾರ, ಬುಧವಾರ

ಅಲ್ಲಿ ಎಲ್ಲವನ್ನೂ ಕಂಪ್ಯೂಟರ್ ಬರೆದುಕೊಳ್ಳುತ್ತದೆ, ಗೆರೆಯನ್ನೂ ಅದೇ ಎಳೆಯುತ್ತದೆ. ನಸ್ರೀನ್ ಪರದೆಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಗೆರೆ ಕಣ್ಣಿಗೆ ಬಿದ್ದರೆ ಎಲ್ಲಿ ನಿಲ್ಲಿಸಬೇಕು ಎಂದು ಮನಸ್ಸು ಹೇಳತೊಡಗುತ್ತದೆ, ನನ್ನ ಮನಸ್ಸನ್ನು ನಾನು ನಂಬುವುದಿಲ್ಲ ಅಂದಳು. ಆಕೆ ಮೀಟರಿನ ಅಂಕಿಗಳನ್ನು ಓದಬೇಕು, ನಾನು ಗ್ರಾಫ್ ಕಾಗದದ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಡಬೇಕು, ನನ್ನ ಕಾಗದವನ್ನು ಆಕೆ ನೋಡಬಾರದು ಎಂದು ಮಾತಾಯಿತು. ಗ್ರಾಫ್ ಕಾಗದ ಆ ಕಟ್ಟಡದಲ್ಲಿ ಎಲ್ಲೂ ಸಿಗಲಿಲ್ಲ. ಊರಿನ ಸ್ಟೇಷನರಿ ಅಂಗಡಿಯಲ್ಲಿ ಒಬ್ಬ ಹುಡುಗಿ ಬಹಳ ಹುಡುಕಿ ಒಂದು ಹಳೆಯ ಪುಸ್ತಕ ತಂದುಕೊಟ್ಟಳು. ನನಗೆ ಮಾನ್ವಿಯ ಲ್ಯಾಬಿನಲ್ಲಿ ಕೂತಷ್ಟು ಸಮಾಧಾನವಾಯಿತು.

ಒಳಗೆ ಬಿಡುವ ವಿದ್ಯುತ್ತನ್ನು ಮೊದಲಿದ್ದುದರ ಸಾವಿರದಲ್ಲೊಂದು ಪಾಲಿಗೆ ಇಳಿಸಿದಳು. ಅಷ್ಟು ಸಣ್ಣ ಸುಳಿವನ್ನು ಕೇಳಿಸಿಕೊಳ್ಳಲು ಪ್ರತಿ ಚುಕ್ಕೆಗೂ ಬಹಳ ಹೊತ್ತು ಕಾಯಬೇಕು. ಮಂಗಳವಾರ ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಏರುವ ದಾರಿ. ಆಕೆ ಅಂಕಿ ಹೇಳುತ್ತಿದ್ದಳು, ನಾನು ಚುಕ್ಕೆ ಇಡುತ್ತಿದ್ದೆ, ನಡುನಡುವೆ ಯಂತ್ರ ಚಿಲಿಗುಟ್ಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪ್ರತಿರೋಧ ಇಳಿಯತೊಡಗಿತು. ಒಮ್ಮೆಲೇ ಬೀಳುತ್ತದೆಂದು ಕಾಯುತ್ತಿದ್ದೆ. ಬೀಳಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಎತ್ತಿನಗಾಡಿ ಇಳಿದ ಹಾಗೆ, ತಡೆದು ತಡೆದು, ಒಂದೇ ಸಮನೆ ಇಳಿಯಿತು.

ಬುಧವಾರ ಮರಳುವ ದಾರಿ. ಬೇರೆ ಬಣ್ಣದ ಪೆನ್ಸಿಲ್ ಹಿಡಿದೆ. ಮೊದಲ ಚುಕ್ಕೆ ನಿನ್ನೆಯ ಚುಕ್ಕೆಯ ಮೇಲೇ ಬಿತ್ತು. ಅದು ಆಗಲೇಬೇಕು, ಅಲ್ಲಿ ಎರಡೂ ದಾರಿ ಕೂಡುತ್ತವೆ. ಎರಡನೆಯದೂ ಮೇಲೆಯೇ ಬಿತ್ತು. ಹತ್ತನೆಯದೂ. ಹಿಂದಿನ ಲೇಖನದಲ್ಲಿ ಕಣ್ಣು ಅಗಲವಾಗಿ ತೆರೆದಿದ್ದ ಜಾಗ ಹತ್ತಿರ ಬಂದಾಗ ಪೆನ್ಸಿಲಿನ ಮೊನೆಯನ್ನು ಇನ್ನೊಮ್ಮೆ ಚೂಪು ಮಾಡಿಕೊಂಡೆ. ಆಕೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂಕಿ ಹೇಳಿದಳು. ಚುಕ್ಕೆ ಇಟ್ಟೆ. ಕೆಂಪು ಚುಕ್ಕೆ ಕಪ್ಪು ಚುಕ್ಕೆಯನ್ನು ಪೂರ್ತಿ ಮುಚ್ಚಿತು. ಮತ್ತೊಂದು. ಮತ್ತೊಂದು. ಹೋದ ದಾರಿಯಲ್ಲೇ ಗೆರೆ ಮರಳಿ ಬರುತ್ತಿತ್ತು.

ಕೊನೆಯ ಚುಕ್ಕೆಯಾದ ಮೇಲೆ ಕಾಗದವನ್ನು ಆಕೆಯ ಕಡೆ ತಿರುಗಿಸಿದೆ. ಬಹಳ ಹೊತ್ತು ನೋಡಿದಳು. ತನ್ನ ಎರಡು ವರ್ಷದ ಮಾತು ಸುಳ್ಳಾದದ್ದನ್ನು ನೋಡುತ್ತಿದ್ದ ಆ ಮುಖದಲ್ಲಿ ನಾನು ದುಃಖ ಹುಡುಕಿದೆ. ಬೇರೇನೋ ಇತ್ತು.

"ಎಷ್ಟು ಚಂದ ಅದ ನೋಡ್ರಿ," ಅಂದಳು ಮೆಲ್ಲಗೆ.

ಯಾಕೆ ಚಂದ ಎಂದು ಬಿಡಿಸಿ ಹೇಳಿದಳು. ಜಿಗಿತವಿದ್ದರೆ ಎಲೆಕ್ಟ್ರಾನುಗಳು ಈ ಕಡೆ ಇರುತ್ತವೆ ಇಲ್ಲವೇ ಆ ಕಡೆ ಇರುತ್ತವೆ, ಅಷ್ಟೇ. ಜಿಗಿತವಿಲ್ಲದೆ ಸರಿಯುವುದಾದರೆ ನಡುವೆ ಒಂದು ಬಿಂದು ಇರಲೇಬೇಕು. ಅದರ ಒಂದು ಬದಿಗೆ, ತಣ್ಣಗಾದಷ್ಟೂ ದಾರಿ ಮುಚ್ಚುತ್ತದೆ. ಇನ್ನೊಂದು ಬದಿಗೆ, ತಣ್ಣಗಾದಷ್ಟೂ ದಾರಿ ತೆರೆಯುತ್ತದೆ. ಆ ಬಿಂದುವಿನ ಮೇಲೆ ಮಾತ್ರ ವಸ್ತು ಅವಾಹಕವೂ ಅಲ್ಲ, ಲೋಹವೂ ಅಲ್ಲ. ಅಲ್ಲಿ ಯಾವ ಎಲೆಕ್ಟ್ರಾನೂ ಒಂಟಿಯಾಗಿ ಏನನ್ನೂ ಮಾಡುವುದಿಲ್ಲ. ಕೋಟಿಗಟ್ಟಲೆ ಎಲೆಕ್ಟ್ರಾನುಗಳು ಒಂದಕ್ಕೊಂದು ಹೆಣೆದುಕೊಂಡು, ನಿಲ್ಲಲೋ ಹರಿಯಲೋ ಎಂದು ಒಟ್ಟಿಗೇ ತೂಗುತ್ತಿರುತ್ತವೆ. ಅಂಥ ಸ್ಥಿತಿಗೆ ನಮ್ಮಲ್ಲಿ ಸರಿಯಾದ ಹೆಸರೂ ಇಲ್ಲ ಅಂದಳು. ನನ್ನ ಪೆನ್ಸಿಲ್ ಗೆರೆಯ ಮೇಲೆ ಬೆರಳಿಟ್ಟು, ಅದು ಇಲ್ಲೆಲ್ಲೋ ಇದೆ ಎಂದು ತೋರಿಸಿದಳು.

ನಾನು ಎದ್ದು ಹೋಗಿ ಆ ಯಂತ್ರದ ಹೊರತಗಡಿಗೆ ಅಂಗೈ ಇಟ್ಟೆ. ಅದು ಸಾಧಾರಣ ತಗಡಿನಷ್ಟೇ ಬೆಚ್ಚಗಿತ್ತು. ನೀರಮಾನ್ವಿಯ ಗುಡಿಯಲ್ಲಿ ಗರ್ಭಗುಡಿಯ ಕಲ್ಲಿಗೆ ಕೈ ಇಟ್ಟು ನಿಂತಾಗಲೂ ಅಷ್ಟು ಹೊತ್ತು ನಾನು ಸುಮ್ಮನೆ ನಿಂತದ್ದಿಲ್ಲ.

ಗುರುವಾರ

ಬೆಳಿಗ್ಗೆ ಇಬ್ಬರೂ ಪ್ರೊಫೆಸರ್ ಡೀಟರರ ಕೋಣೆಗೆ ಹೋದೆವು. ಒಬ್ಬಳೇ ಹೋಗುತ್ತೇನೆ ಅಂದಿದ್ದಳು ನಸ್ರೀನ್. ಚುಕ್ಕೆ ಇಟ್ಟವಳು ನಾನು, ನಾನೂ ಬರುತ್ತೇನೆ ಅಂದೆ. ಆಕೆ ಕುಳಿತುಕೊಳ್ಳದೆ, ನಿಂತೇ ಎಲ್ಲ ಹೇಳಿದಳು. ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದಳು.

ಡೀಟರ್ ಗ್ರಾಫ್ ಕಾಗದವನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದರು. ಮುಖ ಕೆಂಪಾಯಿತು. ಏನೂ ಹೇಳದೆ ಕೋಟು ಹಾಕಿಕೊಂಡು ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ ಕಟ್ಟಡದ ಹಿಂದಿನ ಕಾಡಿನ ದಾರಿಯಲ್ಲಿ, ಸಣ್ಣ ಮಳೆಯಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಅಲ್ಲಿಯವರು ಸಿಟ್ಟು ಬಂದರೂ ನಡೆಯುತ್ತಾರೆ, ದುಃಖವಾದರೂ ನಡೆಯುತ್ತಾರೆ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಸೇರುವಷ್ಟು ದನಿ ಏರಿರುತ್ತಿತ್ತು. ಆ ಮೌನಕ್ಕಿಂತ ಅದೇ ವಾಸಿ ಎಂದು ನನಗೆ ಅನಿಸಿತು.

ಒಂದು ಗಂಟೆಯ ನಂತರ ಒದ್ದೆ ಬೂಟಿನಲ್ಲಿ ಬಂದರು. ತಾವೇ ಕೈಯಾರೆ ತಂತಿಗಳನ್ನು ಬದಲಿಸಿ ಮತ್ತೆ ಅಳೆಯುವುದಾಗಿ ಹೇಳಿದರು. ನಸ್ರೀನ್ ಕೋಣೆಯಲ್ಲಿ ಇರಬಾರದು, ನಾನು ಮಾತ್ರ ಬಂದು ಚುಕ್ಕೆ ಇಡಬಹುದು. ಗುರುವಾರ, ಶುಕ್ರವಾರ, ಶನಿವಾರ ಹಾಗೇ ನಡೆಯಿತು. ಮೂರು ದಿನ ಹತ್ತು ಮಾತು ಆಡಿರಲಾರರು. ಶನಿವಾರ ಮಧ್ಯಾಹ್ನ ಕೊನೆಯ ಕೆಂಪು ಚುಕ್ಕೆ ಕಪ್ಪಿನ ಮೇಲೆ ಬಿದ್ದಾಗ ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸಿಕೊಂಡರು. ಹೆಚ್ಚು ವಿದ್ಯುತ್ತು ಬಿಟ್ಟು ಬೇಗ ಅಳೆಯಿರಿ ಎಂದು ಎರಡು ವರ್ಷದ ಹಿಂದೆ ಅವಸರ ಮಾಡಿದವನು ನಾನೇ, ಅದನ್ನು ಆಕೆಗೆ ಹೇಳಬೇಕು ಅಂದರು. ಹೋಗಿ ಹೇಳಿದರು. ಅವರಿಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ, ನಾನು ಬಾಗಿಲ ಹೊರಗೇ ನಿಂತಿದ್ದೆ.

ನಾನು ಹೊರಟ ದಿನವೇ ಲೇಖನವನ್ನು ಹಿಂದಕ್ಕೆ ಪಡೆಯುವ ಪತ್ರ ಹೋಯಿತು. ರೈಲಿನ ಯಾವ ಡಬ್ಬಿಯಲ್ಲಿ ಕೂತರೆ ಸರಿ ಎಂದು ಎರಡು ಸಲ ನೋಡಿ ನಸ್ರೀನ್ ನನ್ನನ್ನು ಹತ್ತಿಸಿದಳು. ಆ ಪ್ರ್ಯಾಕ್ಟಿಕಲ್ ಬಗ್ಗೆ ಕ್ಷಮೆ ಕೇಳಬೇಕೆಂದು ಆ ಭಾನುವಾರದಿಂದ ಮಾತು ಕೂಡಿಸಿಟ್ಟಿದ್ದೆ. ರೈಲು ಹೊರಡುವ ಮುಂಚೆ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡು, ತನಗಾಗಿ ಒಂದು ಕೆಲಸ ಮಾಡಬೇಕು ಅಂದಳು. ಅಮ್ಮಿಗೆ ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರುತ್ತಿಲ್ಲ, ನೀವೇ ದೇವದುರ್ಗಕ್ಕೆ ಹೋಗಿ ಹೇಳಿರಿ.

ದೇವದುರ್ಗ

ಜೂನ್ ಕೊನೆಗೆ ಹೋದೆ. ಅಷ್ಟರಲ್ಲಿ ಆ ಖಾಯಂ ಹುದ್ದೆ ಬೇರೆಯವರಿಗೆ ಹೋಗಿತ್ತು. ನಸ್ರೀನಳಿಗೆ ಉಳಿದದ್ದು ಒಂದು ವರ್ಷ, ಮುಂದಿನದು ಗೊತ್ತಿಲ್ಲ. ಆ ಒಂದು ವರ್ಷದಲ್ಲಿ ನಡುವಿನ ಬಿಂದುವನ್ನೇ ಅಳೆಯುತ್ತೇನೆ ಎಂದು ಬರೆದಿದ್ದಳು. ಡೀಟರ್ ಆ ದೊಡ್ಡ ಸಭೆಯಲ್ಲಿ ಎದ್ದು ನಿಂತು ಹಳೆಯ ಮಾತು ತಪ್ಪಾಗಿತ್ತೆಂದು ಹೇಳಿದರಂತೆ.

ನಸ್ರೀನಳ ತಾಯಿ ಜುಬೇದಾ ಬಿ ದೇವದುರ್ಗದ ಬಜಾರಿನಲ್ಲಿ ಬಳೆ ಅಂಗಡಿ ನಡೆಸುತ್ತಾರೆ. ಬಳೆಯ ಗೂಟಗಳ ಮೇಲೆ, ಎಲ್ಲರಿಗೂ ಕಾಣುವ ಜಾಗದಲ್ಲಿ, ಪತ್ರಿಕೆಯ ಒಂದು ತುಣುಕಿಗೆ ಗಾಜು ಹಾಕಿಸಿ ತೂಗುಹಾಕಿದ್ದರು. ನಮ್ಮೂರ ಹುಡುಗಿ ಜರ್ಮನಿಯಲ್ಲಿ ಹೊಸದನ್ನು ಕಂಡುಹಿಡಿದಳು ಎಂಬ ಎರಡು ವರ್ಷದ ಹಿಂದಿನ ಸುದ್ದಿ. ಅದರ ಕೆಳಗೇ ನನಗೆ ಕೂರಲು ಸ್ಟೂಲು ಹಾಕಿದರು, ಚಹಾ ತರಿಸಿದರು.

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳನ್ನು ಬದಿಗಿಟ್ಟು ಚಹಾ ಮುಗಿಸಿದೆ. ಕೊನೆಗೆ ನೇರವಾಗಿ ಹೇಳಿದೆ. ಆ ಸುದ್ದಿಯಲ್ಲಿ ಇರುವುದು ಈಗ ಸರಿಯಲ್ಲ, ಅದು ತಪ್ಪೆಂದು ಗೊತ್ತಾಗಿದೆ, ನಸ್ರೀನ್ ಮತ್ತು ಅವಳ ಪ್ರೊಫೆಸರು ಅದನ್ನು ಹಿಂದಕ್ಕೆ ಪಡೆದಿದ್ದಾರೆ, ನೌಕರಿಯೂ ಕೈತಪ್ಪಿತು. ಜುಬೇದಾ ಬಿ ಕೈಯಲ್ಲಿದ್ದ ಬಳೆಯ ಡಜನ್ನನ್ನು ಮೆಲ್ಲಗೆ ಕೆಳಗಿಟ್ಟರು. ಗಾಜಿನ ಕಡೆ ನೋಡಿದರು. ತಪ್ಪಿನಿಂದ ಯಾರಿಗಾದರೂ ಕೇಡಾಯಿತೇ ಎಂದು ಕೇಳಿದರು. ಇಲ್ಲ ಅಂದೆ.

"ಮತ್ತ ತಪ್ಪು ಅಂತ ಹಿಡದವರು ಯಾರ್ರಿ ಮೇಡಂ? ಆ ಪ್ರೊಫೆಸರ್ ಸಾಬರಾ?"

"ಅಲ್ರೀ. ನಿಮ್ಮ ಮಗಳಽ ಹಿಡದಳು. ಬ್ಯಾರೆ ಯಾರಿಗೂ ಕಂಡಿರಲಿಲ್ಲ."

ಅವರು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಎದ್ದು ಅಂಗಡಿಯ ಮೆಟ್ಟಿಲಿಗೆ ಬಂದರು. ಎದುರಿನ ಅಂಗಡಿಯಲ್ಲಿ ಟೇಲರ್ ಮಾಸ್ಟರು ಮಿಷನ್ ತುಳಿಯುತ್ತಿದ್ದರು. ಅವರನ್ನು ಕೂಗಿ ದಖ್ಖನಿಯಲ್ಲಿ ಹೇಳಿದರು, ಅಲ್ಲಿಯ ದೊಡ್ಡ ದೊಡ್ಡ ಸಾಹೇಬರ ಕಣ್ಣಿಗೆ ಬೀಳದ ತಪ್ಪನ್ನು ನಮ್ಮ ಹುಡುಗಿ ಹಿಡಿದಿದ್ದಾಳೆ ಎಂದು.

ಮಾಸ್ಟರು ಕಾಲು ನಿಲ್ಲಿಸಿ ತಲೆ ಎತ್ತಿದರು. ಯಾರ ತಪ್ಪು ಎಂದು ಕೇಳಿದರು.

"ಅಪ್ನೀಚ್," ಅಂದರು ಜುಬೇದಾ ಬಿ. ಅವಳ ಸ್ವಂತದ್ದೇ ಎಂದು, ಇಡೀ ಬಜಾರಿಗೆ ಕೇಳುವ ಹಾಗೆ.